ಮಗ್ಗದ ಎಣ್ಣೆ

ಮುನಿಕೃಷ್ಣನ ಎಡಗೈಯಲ್ಲಿ ಕಿರುಬೆರಳಿರಲಿಲ್ಲ. ಅದರಿಂದ ಅವನಿಗೆ ತೊಂದರೆಯೇನೂ ಆಗಿರಲಿಲ್ಲ. ಬೈಕಿನ ಕ್ಲಚ್ ಎಳೆಯಲು ಎರಡು ಬೆರಳು ಸಾಕು. ಅವನಿಗೆ ಒಂದು ಹೆಚ್ಚೇ ಇತ್ತು.

ಬೆರಳು ಹೋಗಿದ್ದು ದೊಡ್ಡಬಳ್ಳಾಪುರದ ಅವರದೇ ಶೆಡ್ಡಿನಲ್ಲಿ, ಮೂರನೇ ಮಗ್ಗದಲ್ಲಿ. ಪವರ್‌ಲೂಮಿನಲ್ಲಿ ಲಾಳಿ ಆ ಕಡೆಯ ಪೆಟ್ಟಿಗೆ ಮುಟ್ಟದೆ ನಡುದಾರಿಯಲ್ಲಿ ಸಿಕ್ಕಿಕೊಂಡರೆ ಮಗ್ಗ ತಾನಾಗಿಯೇ ದಡ್ ಎಂದು ನಿಲ್ಲಬೇಕು. ಅದಕ್ಕೆಂದೇ ಒಂದು ಕಬ್ಬಿಣದ ನಾಲಿಗೆ ಇರುತ್ತದೆ. ಆ ನಾಲಿಗೆ ಸುಮ್ಮಸುಮ್ಮನೆ ಮಗ್ಗ ನಿಲ್ಲಿಸಿ ಬಟ್ಟೆಯ ಗಜ ತಿನ್ನುತ್ತದೆ ಎಂದು ಮುನಿಕೃಷ್ಣ ಅದನ್ನು ದಾರದಲ್ಲಿ ಕಟ್ಟಿಹಾಕಿದ್ದ. ಆ ಬೀದಿಯ ಮುಕ್ಕಾಲು ಶೆಡ್ಡುಗಳಲ್ಲಿ ಹಾಗೇ ಕಟ್ಟುತ್ತಿದ್ದರು. ಒಂದು ದಿನ ಲಾಳಿ ಸಿಕ್ಕಿಕೊಂಡಿತು, ಅವನು ಕೈ ಹಾಕಿದ, ಮಗ್ಗ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ದಾರ ಬಿಚ್ಚಿದ. ತಿಂಗಳು ಕಳೆಯುವುದರೊಳಗೆ ಮತ್ತೆ ಕಟ್ಟಿದ. ಕೈ ಹಾಕುವುದನ್ನು ಮಾತ್ರ ಬಿಟ್ಟ.

ಅವನಿಗೆ ಇಪ್ಪತ್ತಮೂರು. ನೇಯುವುದರಲ್ಲಿ ಕೆಟ್ಟವನಲ್ಲ. ಮಗ್ಗದ ಸದ್ದು ಕೇಳಿಯೇ ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳಬಲ್ಲ. ಆದರೆ ಜೀವಮಾನವೆಲ್ಲ ಆ ಸದ್ದಿನೊಳಗೆ ನಿಲ್ಲುವ ಇರಾದೆ ಅವನಿಗಿರಲಿಲ್ಲ. ಮಣ್ಣಿನಲ್ಲಿ ಬೈಕ್ ಓಡಿಸುವುದರಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ ಎರಡು ತಾಲ್ಲೂಕಿನಲ್ಲೂ ತನ್ನ ಸಮ ಇನ್ನೊಬ್ಬನಿಲ್ಲ ಎಂದು ಅವನು ತಿಳಿದಿದ್ದ. ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು.

ತೊಂಬತ್ತೊಂಬತ್ತರ ಮಾರ್ಚಿನಲ್ಲಿ ಆನಂದ ಸುದ್ದಿ ತಂದ. ಆನಂದ ಸೂಲಿಬೆಲೆಯ ರೈತರ ಮನೆಯವನು, ಮುನಿಕೃಷ್ಣನ ಜೊತೆ ಐಟಿಐ ಓದಿದವನು. ಅವನ ಅಕ್ಕನನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟಿದ್ದರು. ಅಕ್ಕನ ಮನೆಗೆಂದು ಬಂದವನು ಊಟ ಅಲ್ಲಿ ಮಾಡಿ ಹರಟೆಗೆ ಇಲ್ಲಿಗೆ ಬರುತ್ತಿದ್ದ.

"ನಂದನ್ ಗೊತ್ತಲ್ಲ ಗುರು, ಬೆಂಗಳೂರು ವರ್ಕ್‌ಶಾಪ್ ನಂದನ್?"

"ಗೊತ್ತು." ಗೊತ್ತಿಲ್ಲದವರಿರಲಿಲ್ಲ. ನಂದನ್ ಊರೂರಿನ ಮಣ್ಣಿನ ರೇಸುಗಳಿಗೆ ತನ್ನ ಗಾಡಿ, ತನ್ನ ಸವಾರರನ್ನು ಕಳಿಸುತ್ತಿದ್ದ. ಅವನ ಸವಾರರಿಗೆ ಸಂಬಳವಿತ್ತು, ಬೂಟು ಇತ್ತು.

"ಅವ್ರ ರೈಡರ್ ಒಬ್ಬ ದುಬೈಗೆ ಹೊಂಟೋದ್ನಂತೆ. ಜಾಗ ಖಾಲಿ. ಬರೋ ತಿಂಗಳು ನಮ್ಮೂರ ಪಕ್ಕದ ಒಣಗಿದ ಕೆರೇಲಿ ಓಡಿಸ್ತಾರೆ. ಬಂದೋರಲ್ಲಿ ಒಬ್ಬನ್ನ ತಗೊಂತಾರೆ."

"ಒಬ್ಬನ್ನೇ ಸಾಕು."

"ಅದು ನೀನೇ ಅಂತ ಯಾರ್ ಹೇಳಿದ್ರೋ?"

"ನೀನೇ ಹೇಳ್ದಲ್ಲ ಈಗ, ಜಾಗ ಖಾಲಿ ಅಂತ."

ಆನಂದ ನಕ್ಕ. "ಒಂದ್ ಷರತ್ತೈತೆ ಕಣೋ. ಗಾಡೀನ ಟೆಂಪೋದಲ್ಲಿ ಹಾಕ್ಕೊಂಡು ಬರಂಗಿಲ್ಲ. ನಂಬರ್ ಪ್ಲೇಟು, ಹೆಡ್‌ಲೈಟು ಎಲ್ಲಾ ಇರ್ಬೇಕು. ರೋಡಲ್ಲಿ ಬರ್ಬೇಕು, ಮಣ್ಣಲ್ಲಿ ಓಡ್ಬೇಕು, ರೋಡಲ್ಲೇ ಮನೇಗ್ ಹೋಗ್ಬೇಕು. ಸ್ವಂತ ಗಾಡಿ ಉಳಿಸ್ಕೊಳ್ದೆ ಇರೋನು ನನ್ ಗಾಡೀನ ಉಳಿಸ್ತಾನಾ ಅಂತಾರಂತೆ."

ಷರತ್ತು ಮುನಿಕೃಷ್ಣನಿಗೆ ಹಿಡಿಸಿತು. ಅವನ ಮನೆಯಲ್ಲಿದ್ದುದು ಅಂಥದೇ ಗಾಡಿ. ಹಿಂದಿನ ವರ್ಷ ಬಂದ ಹೊಸ ಮಾಡೆಲ್. ಚಿಕ್ಕ ಇಂಜಿನ್, ಎತ್ತರದ ಮಡ್‌ಗಾರ್ಡ್, ಉದ್ದ ಷಾಕ್, ಗುಬಟು ಗುಬಟಾದ ಟೈರು. ರೋಡಿಗೂ ಆಗುತ್ತಿತ್ತು, ಹೊಲಕ್ಕೂ ಆಗುತ್ತಿತ್ತು. ಆದರೆ ಅವನ ಅಪ್ಪ ಬಚ್ಚಪ್ಪ ಅದನ್ನು ಕೊಂಡಿದ್ದು ಟೈರು ನೋಡಿ ಅಲ್ಲ. ಅದು ಹೊಗೆ ಬಿಡುತ್ತಿರಲಿಲ್ಲ.

ಅದಕ್ಕೂ ಮುಂಚೆ ಮನೆಯಲ್ಲಿ ಒಂದು ಹಳೆಯ ಮೊಪೆಡ್ ಇತ್ತು. ಅದರ ಹಿಂದೆ ಸೀರೆ ಗಂಟು ಕಟ್ಟಿ ಬಚ್ಚಪ್ಪ ಆದಿನಾರಾಯಣಪ್ಪನ ಅಂಗಡಿಗೆ ಒಯ್ಯುತ್ತಿದ್ದ. ಒಂದು ಸಲ ಗಂಟಿನ ಹೊದಿಕೆ ದಾಟಿ ಎಣ್ಣೆಹೊಗೆ ಒಳಗೆ ಹೋಗಿತ್ತು. ಕೆನೆಬಣ್ಣದ ಸೀರೆಗಳ ಅಂಚಿಗೆಲ್ಲ ಕಪ್ಪು ಚುಕ್ಕೆ. ಆದಿನಾರಾಯಣಪ್ಪ ಗಂಟನ್ನು ಹಾಗೇ ವಾಪಸು ಕಟ್ಟಿ, "ಬಚ್ಚಪ್ಪ, ಇದು ಸೀರೇನೋ ಸೀಮೆಎಣ್ಣೆ ಸ್ಟೌ ಒರೆಸಿದ್ದೋ" ಎಂದಿದ್ದ. ಬಚ್ಚಪ್ಪ ಆ ಮಾತನ್ನು ಮರೆತಿರಲಿಲ್ಲ. ಶೋರೂಮಿಗೆ ಹೋದವನು ಬೇರೇನೂ ಕೇಳಲಿಲ್ಲ, ಜೇಬಿನಿಂದ ಬಿಳಿ ಬಟ್ಟೆಯ ತುಂಡು ತೆಗೆದು ಒಂದೊಂದು ಗಾಡಿಯ ಸೈಲೆನ್ಸರ್ ಬಾಯಿಗೂ ಹಿಡಿದ. ಈ ಗಾಡಿಯಲ್ಲಿ ಬಟ್ಟೆ ಬೆಳ್ಳಗೇ ಉಳಿಯಿತು.

ಹಾಗೆ ಉಳಿಸುತ್ತಿದ್ದುದು ಸೈಲೆನ್ಸರಿನ ಹೊಟ್ಟೆಯಲ್ಲಿದ್ದ ಒಂದು ಸಾಮಾನು. ಮುಷ್ಟಿಗಾತ್ರ, ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಣ್ಣು. ಹೊಗೆ ಅದರೊಳಗೆ ಹಾದು ಸುಟ್ಟು ಹೋಗುತ್ತಿತ್ತು. ಸುಡುವುದಕ್ಕೆ ಗಾಳಿ ಬೇಕೆಂದು ಪಕ್ಕದಿಂದ ಒಂದು ಸಣ್ಣ ಕೊಳವೆ ಕೊಟ್ಟಿದ್ದರು. ಹೊಗೆಯ ಜೊತೆ ಇಂಜಿನ್ನಿನ ಉಸಿರೂ ಅಲ್ಲಿ ಕಟ್ಟುತ್ತಿತ್ತು.

ಎಷ್ಟು ಕಟ್ಟುತ್ತಿತ್ತು ಎಂಬುದು ಆನಂದನ ಹಳೆಯ ಗಾಡಿಯ ಜೊತೆ ಕೆರೆ ಏರಿ ಹತ್ತಿಸಿದಾಗ ಗೊತ್ತಾಯಿತು. ಆನಂದ ಅಂಥ ಸವಾರನೇನಲ್ಲ. ಆದರೂ ಏರಿ ಮೇಲೆ ಮೊದಲು ನಿಂತಿದ್ದವನು ಅವನೇ, ಸುತ್ತ ನೀಲಿ ಹೊಗೆ ಎಬ್ಬಿಸಿಕೊಂಡು.

"ನಿನ್ ಗಾಡಿಗೆ ನೆಗಡಿ ಗುರು. ಮೂಗು ಕಟ್ಟೈತೆ."

ಮುನಿಕೃಷ್ಣ ಬಗ್ಗಿ ಸೈಲೆನ್ಸರನ್ನು ಬೆರಳಿನಿಂದ ತಟ್ಟುತ್ತಾ ಹೋದ. ಒಂದು ಕಡೆ ಟಣ್ ಅನ್ನುತ್ತಿದ್ದುದು ಇನ್ನೊಂದು ಕಡೆ ಟಪ್ ಅಂದಿತು. ಅಲ್ಲಿಗೆ ಸೀಮೆಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದ.

ಅಪ್ಪನಿಗೆ ಹೇಳದೆ ಮಾಡುವ ಕೆಲಸ ಇದಲ್ಲ. ಮಾರನೆಯ ದಿನ ಬೆಳಗ್ಗೆ ಬಚ್ಚಪ್ಪ ಶೆಡ್ಡಿನ ಹೊರಗೆ ಕೂತು ಕಾಫಿ ಕುಡಿಯುತ್ತಿದ್ದಾಗ ಅವನು ನೇರವಾಗಿ ಕೇಳಿದ. ಅಂಗಳದಲ್ಲಿ ತಂಗಿ ಅನಿತ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು.

"ಸೈಲೆನ್ಸರ್ ಒಳಗಿರೋದನ್ನ ತೆಗೀತೀನಪ್ಪ. ರೇಸ್ ಐತೆ."

"ತೆಗೆದ್ರೆ?"

"ಓಡ್ತದೆ."

"ಈಗ ನಡೀತಾ ಇದೆಯಾ?"

"ಈಗ ನಡೀತಾನೇ ಇರೋದು."

ಬಚ್ಚಪ್ಪ ಲೋಟ ಕೆಳಗಿಟ್ಟ. "ಗೆದ್ರೆ ಏನು?"

"ನಂದನ್ ತಗೊಂತಾರೆ. ಬೆಂಗಳೂರಲ್ಲಿರ್ತೀನಿ. ಮಗ್ಗಕ್ಕೆ ಬೇರೆ ಆಳು ನೋಡ್ಬೇಕಾಗ್ತದೆ."

"ಸೋತ್ರೆ?"

"ಸೋಲಲ್ಲ."

"ಹೆಂಗೂ ಇವನು ಹೋದ್ರೆ ಮೂರನೇ ಮಗ್ಗ ನಂಗೆ ಕೊಡಿ" ಎಂದಳು ಅನಿತ ತಲೆ ಎತ್ತದೆ. "ನಾಲಿಗೆ ಕಟ್ಟದಂಗೆ ಓಡಿಸಿ ತೋರಿಸ್ತೀನಿ."

"ನೀನ್ ನಾಲಿಗೆ ಕಟ್ಕೋ ಮೊದಲು" ಎಂದ ಮುನಿಕೃಷ್ಣ.

ಬಚ್ಚಪ್ಪ ಸ್ವಲ್ಪ ಹೊತ್ತು ಬೈಕನ್ನೇ ನೋಡಿದ. ಮಗ ಹೋಗುವುದು ಅವನಿಗೆ ಇಷ್ಟವಿರಲಿಲ್ಲ. ಇರು ಎನ್ನಲು ಕಾರಣ ತೋರಿಸಲು ಅವನಿಗೆ ಆಗುತ್ತಿರಲಿಲ್ಲ. ಮಗನ ಕೈ ಎದುರಿಗೇ ಇತ್ತು. "ತೆಗಿ" ಎಂದ. "ಆದ್ರೆ ಕೇಳಿಸ್ಕೋ. ಭಾನುವಾರ ನಿನ್ ರೇಸು. ಸೋಮವಾರ ನನ್ ಗಂಟು. ಸೀರೆ ಮೇಲೆ ಒಂದ್ ಚುಕ್ಕೆ ಬೀಳಂಗಿಲ್ಲ. ಬಟ್ಟೆ ಹಿಡಿದು ನೋಡ್ತೀನಿ. ಕಪ್ಪಾಯ್ತೋ, ತೆಗೆದಿದ್ನ ಅಲ್ಲೇ ವಾಪಸ್ ಸೇರಿಸ್ಬೇಕು, ರೇಸಿಗೆ ಮುಂಚೇನೇ."

"ಆಯ್ತು."

ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಮೂರು ತಾಸು ಬರುತ್ತಿರಲಿಲ್ಲ. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತಾಗ ಆಗುವ ಆ ಮೌನದಲ್ಲಿ ಮುನಿಕೃಷ್ಣ ಸೈಲೆನ್ಸರ್ ಬಿಚ್ಚಿ ಕಲ್ಲಿನ ಮೇಲೆ ಮಲಗಿಸಿದ. ಸುಣ್ಣದ ಗೆರೆಯ ಮೇಲೆ ಗರಗಸ ಇಟ್ಟು ಸುತ್ತಲೂ ಕೊಯ್ದ. ಒಳಗಿನ ಜೇನುಗೂಡು ಸುಲಭಕ್ಕೆ ಬರಲಿಲ್ಲ. ಕಬ್ಬಿಣದ ಸರಳಿಟ್ಟು ಸುತ್ತಿಗೆಯಲ್ಲಿ ಹಿಂದಿನಿಂದ ಹೊಡೆದ; ಒಂದು ಅಂಚು ಚೂರಾಗಿ, ಉಳಿದದ್ದು ಇಡಿಯಾಗಿ ಹೊರಗೆ ಬಿತ್ತು. ಬೂದುಬಣ್ಣ, ಹಗುರ, ನೂರಾರು ಚೌಕ ಕಣ್ಣು. ಸೈಲೆನ್ಸರನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಒಯ್ದು ಮತ್ತೆ ಕೂಡಿಸಿಕೊಂಡು ಬಂದ. ಗಾಳಿಯ ಕೊಳವೆ ಕಿತ್ತ ಕಡೆ ತೂತು ಉಳಿಯಿತು. ಅದಕ್ಕೆ ಕಬ್ಬಿಣದ ಸರಳಿನ ತುದಿ ಕೊಯ್ದು ಬಿಗಿಯಾಗಿ ಬಡಿದು, ಮೇಲೆ ತಂತಿ ಸುತ್ತಿದ. ಒಳಗಿನ ಅಡ್ಡಿ ಹೋದ ಮೇಲೆ ಇಂಜಿನ್ನು ಹೆಚ್ಚು ಗಾಳಿ ಎಳೆಯುತ್ತದೆ, ಅದಕ್ಕೆ ತಕ್ಕ ಪೆಟ್ರೋಲು ಬೇಕು ಎಂಬುದು ಅವನಿಗೆ ಗೊತ್ತಿತ್ತು. ಕಾರ್ಬುರೇಟರಿನ ಜೆಟ್ ಬದಲಿಸಿದ. ಈ ಯಾವುದರಲ್ಲೂ ಅವನು ತಪ್ಪಲಿಲ್ಲ.

ಜೇನುಗೂಡನ್ನು ಅನಿತ ಎತ್ತಿಕೊಂಡಳು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. "ಇಷ್ಟಕ್ಕೆ ಅಷ್ಟು ಗಲಾಟೇನಾ?" ಎಂದು ಒಳಗೆ ಒಯ್ದು ತೊಳೆದು ದೇವರ ಗೂಡಿನಲ್ಲಿಟ್ಟು ಅದರ ಕಣ್ಣಿಗೆ ಊದುಕಡ್ಡಿ ಸಿಕ್ಕಿಸಿದಳು. ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿತು.

ಸಾಯಂಕಾಲ ಗಾಡಿ ಓಡಿಸಿದ. ಅದು ಅದೇ ಗಾಡಿಯಾಗಿರಲಿಲ್ಲ. ಊರಾಚೆಯ ಏರುದಾರಿಯಲ್ಲಿ ಮುಂದಿನ ಚಕ್ರ ತಾನಾಗಿಯೇ ಎದ್ದಿತು. ಹೆಲ್ಮೆಟ್ಟಿನೊಳಗೆ ಮುನಿಕೃಷ್ಣ ಒಬ್ಬನೇ ಜೋರಾಗಿ ನಕ್ಕ. ಮನೆಗೆ ಬಂದು ತಿರುಗಿ ನೋಡಿದರೆ ಬೀದಿ ತುಂಬ ನೀಲಿ ಹೊಗೆ.

ಬಚ್ಚಪ್ಪ ಬಟ್ಟೆ ತಂದ. ಇಂಜಿನ್ ಓಡುತ್ತಿರುವಾಗಲೇ ಸೈಲೆನ್ಸರ್ ಬಾಯಿಗೆ ಹಿಡಿದು, ತೆಗೆದು, ಬಿಡಿಸಿ ತೋರಿಸಿದ. ನಡುವೆ ಅಂಗೈಯಗಲ ಕಪ್ಪು, ಸುತ್ತ ಎಣ್ಣೆಯ ಚುಕ್ಕೆ.

"ವಾಪಸ್ ಸೇರಿಸು."

"ಎರಡ್ ದಿನ ಕೊಡಪ್ಪ."

"ಎರಡೇ ದಿನ."

ಹೊಗೆ ಪೆಟ್ರೋಲಿನದಲ್ಲ, ಎಣ್ಣೆಯದು. ಈ ಗಾಡಿಗಳಲ್ಲಿ ಸೀಟಿನ ಪಕ್ಕ ಒಂದು ಎಣ್ಣೆ ಡಬ್ಬಿ ಇರುತ್ತದೆ. ಅದರಿಂದ ಸ್ವಲ್ಪ ಸ್ವಲ್ಪ ಎಣ್ಣೆ ಇಂಜಿನ್ನಿನೊಳಗೆ ಹೋಗಿ, ಪಿಸ್ಟನ್ನಿಗೆ ಜಾರಿಕೆ ಕೊಟ್ಟು, ಪೆಟ್ರೋಲಿನ ಜೊತೆ ಸುಟ್ಟು ಹೋಗುತ್ತದೆ. ಬಂಕಿನಲ್ಲಿ ಸಿಗುವ ಆ ಎಣ್ಣೆ ದಪ್ಪ, ಅಂಟು, ಬಣ್ಣದ್ದು. ಅಂಗಿಗೆ ಬಿದ್ದರೆ ಅಂಗಿ ಸತ್ತ ಮೇಲೂ ಹೋಗುವುದಿಲ್ಲ. ಅಂಥ ಕೊಳಕು ಎಣ್ಣೆ ಸುಟ್ಟರೆ ಕೊಳಕು ಹೊಗೆಯೇ ಬರುವುದು ಎಂದು ಮುನಿಕೃಷ್ಣ ಲೆಕ್ಕ ಹಾಕಿದ. ಒಳ್ಳೆ ಎಣ್ಣೆ ಯಾವುದು ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಅದರ ವಾಸನೆಯಲ್ಲೇ ಬೆಳೆದಿದ್ದ.

ಮಗ್ಗದ ಎಣ್ಣೆ ನೀರಿನಷ್ಟು ತಿಳಿ. ಮಗ್ಗದ ಕೀಲುಗಳು ದಿನವಿಡೀ ಅದರಲ್ಲೇ ನೆಂದು ಆಡುತ್ತವೆ. ಅದು ಹಾರಿ ಸೀರೆ ಮೇಲೆ ಬಿದ್ದರೂ ನೀರಿನಲ್ಲಿ ಜಾಲಿಸಿದರೆ ಗುರುತಿಲ್ಲದಂತೆ ಹೋಗುತ್ತದೆ. ಎಣ್ಣೆ ಮಾರುವವನು ಬಂದರೆ ಬಚ್ಚಪ್ಪ ಮೊದಲು ಮಾಡುತ್ತಿದ್ದ ಕೆಲಸವೇ ಅದು: ಬಿಳಿ ರೇಷ್ಮೆಯ ಚೂರಿಗೆ ಒಂದು ಹನಿ ಬಿಟ್ಟು, ತೊಳೆದು, ಬಿಸಿಲಿಗೆ ಹಿಡಿಯುವುದು. ಗುರುತು ಉಳಿದರೆ ಡಬ್ಬ ವಾಪಸು. ದೊಡ್ಡಬಳ್ಳಾಪುರದಲ್ಲಿ ಎಣ್ಣೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ.

ಮುನಿಕೃಷ್ಣ ಗಾಡಿಯ ಡಬ್ಬಿಯಲ್ಲಿದ್ದ ಎಣ್ಣೆಯನ್ನೆಲ್ಲ ಬಸಿದು ಮಗ್ಗದ ಎಣ್ಣೆ ತುಂಬಿದ. ಮೊದಲು ಹಳೆಯ ಹೊಗೆ ಬಂತು. ಊರ ಸುತ್ತ ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ತೆಳುವಾಯಿತು. ಮಾರನೆಯ ದಿನಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು. ಬಚ್ಚಪ್ಪ ಬಟ್ಟೆ ಹಿಡಿದ. ಒಂದು ಮಬ್ಬು ಕಲೆ ಬಿತ್ತು. ಅದನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಬಿಡಿಸಿದ. ಬಟ್ಟೆ ಬೆಳ್ಳಗಿತ್ತು.

"ಯಾವ ಎಣ್ಣೆ?"

"ನಮ್ದೇ."

ಬಚ್ಚಪ್ಪ ಬಟ್ಟೆಯನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದು ನೋಡಿ, ಮಡಿಚಿ ಜೇಬಿಗಿಟ್ಟುಕೊಂಡ. "ಕಂಪನೀಯೋರಿಗೆ ಇಷ್ಟು ಹೊಳೀಲಿಲ್ಲ ನೋಡು" ಎಂದ. ಅವನ ದನಿಯಲ್ಲಿ ಸಂತೋಷವಿತ್ತು.

ಅನಿತ ಮಾತ್ರ, "ಗಾಡಿಯೋರು ಆ ಅಂಟೆಣ್ಣೆ ಯಾಕ್ ಹಾಕ್ತಾರೆ ಹಂಗಾದ್ರೆ?" ಎಂದಳು.

"ಅವರೇನು ಸೀರೆ ಸಾಗಿಸ್ತಾರಾ?" ಎಂದ ಮುನಿಕೃಷ್ಣ. ಅದು ಸರಿಯಾದ ಉತ್ತರದ ಹಾಗೆ ಕೇಳಿತು. ಅವಳು ಮತ್ತೆ ಕಂಡಿಕೆ ಸುತ್ತಲು ಕೂತಳು.

ಭಾನುವಾರ ಬೆಳಗ್ಗೆ ಮುನಿಕೃಷ್ಣ ಹೊರಟ. ದೇವನಹಳ್ಳಿ ದಾಟಿ ನಲ್ಲೂರಿನ ಹುಣಸೆ ತೋಪಿನ ಹತ್ತಿರ ಆನಂದ ತನ್ನ ಗಾಡಿಯಲ್ಲಿ ಕಾಯುತ್ತಿದ್ದ. ಇಬ್ಬರೂ ಮರದಡಿ ಐದು ನಿಮಿಷ ನಿಂತರು. ಆನಂದ ಬಗ್ಗಿ ಸೈಲೆನ್ಸರ್ ಬಾಯಿ ನೋಡಿದ.

"ಹೊಗೇನೇ ಇಲ್ವಲ್ಲೋ. ತೆಗೆದ್ಯೋ ಇಲ್ವೋ?"

"ತೆಗೆದೆ. ನಮ್ಮನೇಲಿ ಅದಕ್ಕೆ ಈಗ ದಿನಾ ಪೂಜೆ."

"ಮತ್ತೆ ಹೊಗೆ?"

"ಹೊಗೆ ಬಿಡೋದು ರೈತರ ಗಾಡಿ. ನಾವು ನೇಯೋರು."

"ಹೌದಪ್ಪಾ, ಬಲಗೈಲಿ ನೇಯ್ತೀರ, ಎಡಗೈ ಕೊಯ್ಕೊಂತೀರ" ಎಂದ ಆನಂದ. ಇಬ್ಬರೂ ಗಾಡಿ ಹತ್ತಿದರು. ರೋಡಿನಲ್ಲಿ ಮುನಿಕೃಷ್ಣ ಅವಸರ ಮಾಡಲಿಲ್ಲ. ಗಾಡಿ ಅಷ್ಟು ದೂರ ಒಂದು ಕೆಮ್ಮು ಕೆಮ್ಮದೆ ಬಂತು.

ಕೆರೆಯಂಗಳ ಒಣಗಿ ಬಿರಿದಿತ್ತು. ಸುಣ್ಣದ ಪುಡಿಯಲ್ಲಿ ದಾರಿ ಎಳೆದಿದ್ದರು: ಅಂಗಳದುದ್ದಕ್ಕೂ ಒಂದು ನೇರ ಓಟ, ತೂಬಿನ ಹತ್ತಿರ ಕಡಿದಾದ ತಿರುವು, ಅಲ್ಲಿಂದ ಏರಿ ಹತ್ತಿ ಇಳಿದು ಮತ್ತೆ ಅಂಗಳ. ಹತ್ತು ಸುತ್ತು. ಏರಿಯ ಮೇಲೆ ಜನ ಕೂತಿದ್ದರು. ಕಡಲೆಕಾಯಿ ಮಾರುವವನೂ ಬಂದಿದ್ದ. ನಂದನ್ ಒಂದು ಮಡಚುವ ಕುರ್ಚಿಯಲ್ಲಿ ಕೂತು, ಬಂದ ಗಾಡಿಗಳನ್ನೆಲ್ಲ ಸುಮ್ಮನೆ ನೋಡುತ್ತಿದ್ದ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ, ಒಂದು ಕಾಲು ಸ್ವಲ್ಪ ಕುಂಟು. ಮುನಿಕೃಷ್ಣನ ಕೈ ಕಂಡು, "ಕ್ಲಚ್ ಬರುತ್ತಾ?" ಎಂದ.

"ಬರ್ತದೆ ಸರ್. ಬೇಕಾದಾಗ ಮಾತ್ರ ಎಳೀತೀನಿ."

ನಂದನ್ ನಗಲಿಲ್ಲ. "ಬೇಕಾದಾಗ ಎಳೆದ್ರೆ ಸಾಕು."

ಹದಿನಾಲ್ಕು ಗಾಡಿ ಹೊರಟವು. ಮೊದಲ ಸುತ್ತು ಮುಗಿಯುವಾಗ ಮುನಿಕೃಷ್ಣನ ಮುಂದೆ ಮೂವರಿದ್ದರು, ಮೂರನೆಯ ಸುತ್ತಿಗೆ ಒಬ್ಬ, ನಾಲ್ಕಕ್ಕೆ ಯಾರೂ ಇರಲಿಲ್ಲ. ತೂಬಿನ ತಿರುವಿನಲ್ಲಿ ಉಳಿದವರು ಬ್ರೇಕ್ ಹಿಡಿಯುವ ಕಡೆ ಅವನು ಹಿಡಿಯುತ್ತಿರಲಿಲ್ಲ. ಎಡಗಾಲು ಮಣ್ಣಿಗೆ ಊರಿ ಹಿಂದಿನ ಚಕ್ರ ಜಾರಿಸಿ ತಿರುಗಿಸಿಬಿಡುತ್ತಿದ್ದ. ಏರಿ ಹತ್ತುವಾಗ ಗಾಡಿ ಮೊದಲಿನಂತೆ ಉಸಿರು ಕಟ್ಟಲಿಲ್ಲ. ಅವನ ಹಿಂದೆ ಧೂಳು ಮಾತ್ರ ಇತ್ತು, ಹೊಗೆ ಇರಲಿಲ್ಲ. ಏರಿಯ ಮೇಲೆ ಆನಂದ ಟವೆಲು ತಿರುಗಿಸುತ್ತಿದ್ದ.

ಏಳನೆಯ ಸುತ್ತಿನಲ್ಲಿ, ನೇರ ಓಟದ ನಡುವೆ, ಸದ್ದು ಬದಲಾಯಿತು. ಬೇರೆಯವರಿಗೆ ಕೇಳುವಂಥ ಬದಲಾವಣೆಯಲ್ಲ. ಓಡುವ ಮಗ್ಗದಲ್ಲಿ ಎಲ್ಲೋ ಒಂದು ಕೀಲು ಒಣಗಿದಾಗ ಬರುವ ಸಣ್ಣ ಬಿಗಿತ. ಅವನ ಮೂರು ಬೆರಳು ಯೋಚಿಸುವ ಮೊದಲೇ ಕ್ಲಚ್ ಎಳೆದವು. ಅದೇ ಕ್ಷಣಕ್ಕೆ ಒಳಗೆ ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಂಡಿತು, ಇಂಜಿನ್ ಸತ್ತಿತು. ಕ್ಲಚ್ ಎಳೆಯದಿದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ಅವನು ಬಿರಿದ ಮಣ್ಣಿನ ಮೇಲೆ ಉರುಳುತ್ತಿದ್ದ. ಗಾಡಿ ಸದ್ದಿಲ್ಲದೆ ಉರುಳಿಕೊಂಡು ಬಂದು ನಂದನ್‌ನ ಕುರ್ಚಿಯ ಎದುರಿಗೇ ನಿಂತಿತು.

ಎರಡು ಗಾಡಿಗಳು ಅವನನ್ನು ದಾಟಿ ಹೋದವು. ಮುನಿಕೃಷ್ಣ ಇಂಜಿನ್ ಹತ್ತಿರ ಕೈ ತಂದ. ಇಸ್ತ್ರಿಪೆಟ್ಟಿಗೆಯ ಹಾಗೆ ಉರಿಯುತ್ತಿತ್ತು. ಹತ್ತು ಎಣಿಸಿದ. ಕಿಕ್ಕರ್ ಮೇಲೆ ಕಾಲಿಟ್ಟು ಮೆಲ್ಲನೆ ಒತ್ತಿದ. ಕಲ್ಲು. ಇನ್ನೊಮ್ಮೆ ಒತ್ತಿದ, ಕೊರ್ ಎಂದು ಸ್ವಲ್ಪ ಇಳಿಯಿತು. ಮತ್ತೊಂದು ಗಾಡಿ ದಾಟಿತು.

ಆನಂದ ಏರಿ ಇಳಿದು ಓಡಿಬಂದಿದ್ದ. "ಬಿಡೋ ಲೇ, ಹಿಡ್ಕೊಂಬಿಟ್ಟೈತೆ. ಹಿಂಗ್ ಓಡಿಸಿದ್ರೆ ಉಳಿಯಲ್ಲ."

"ಮೂರು ಸುತ್ತು ಐತೆ."

"ಗಾಡಿ ಉಳಿಯಲ್ಲ ಅಂದೆ."

"ಮೂರೇ ಸುತ್ತು ಕಣೋ. ಮೂರೇ ಜನ ಮುಂದೆ."

ನಿಂತರೆ ಜಾಗ ಹೋಯಿತು ಎಂದು ಮುನಿಕೃಷ್ಣನಿಗೆ ಖಚಿತವಾಗಿತ್ತು. ಓಡಿದರೆ ಸಿಗಬಹುದು. ಮಗ್ಗ ಎಷ್ಟೋ ಸಲ ಹೀಗೆ ಬಿಗಿದಿದ್ದನ್ನು ಅವನು ಎಣ್ಣೆ ಬಿಟ್ಟು, ಒದ್ದು, ಮತ್ತೆ ಓಡಿಸಿದ್ದ. ಎಣ್ಣೆ ಡಬ್ಬಿ ನೋಡಿದ, ಅರ್ಧ ಇತ್ತು. ಹಾಗಾದರೆ ಎಣ್ಣೆಯ ತೊಂದರೆಯಲ್ಲ ಎಂದುಕೊಂಡ. ಪೂರ್ತಿ ಭಾರ ಹಾಕಿ ಕಿಕ್ಕರ್ ಒದ್ದ. ಮೂರನೆಯ ಒದೆತಕ್ಕೆ ಗಾಡಿ ಎದ್ದಿತು, ತಗಡಿನ ಡಬ್ಬದಲ್ಲಿ ಮೊಳೆ ಆಡಿಸಿದಂಥ ಸದ್ದು ಮಾಡುತ್ತಾ.

ಒಂಬತ್ತನೆಯ ಸುತ್ತಿನ ಹೊತ್ತಿಗೆ ಇಬ್ಬರನ್ನು ಹಿಂದೆ ಹಾಕಿದ್ದ. ಜನ ಎದ್ದು ನಿಂತಿದ್ದರು. ಮೊದಲನೆಯವನ ಹಿಂದಿನ ಚಕ್ರದ ಮಣ್ಣು ಇವನ ಎದೆಗೆ ಬಡಿಯುತ್ತಿತ್ತು. ತೂಬಿನ ತಿರುವಿನಲ್ಲಿ ಅವನನ್ನು ಒಳಗಿನಿಂದ ದಾಟಿ, ಏರಿಗೆ ಗಾಡಿ ತಿರುಗಿಸಿ, ಆಕ್ಸಿಲರೇಟರನ್ನು ಪೂರ್ತಿ ತಿರುವಿದ.

ಏರಿಯ ಅರ್ಧದಲ್ಲಿ ಬಿಗಿತ ಮತ್ತೆ ಕೇಳಿಸಿತು. ಕ್ಲಚ್ ಎಳೆಯುವುದಕ್ಕೆ ಅವನಿಗೆ ಸಮಯವಿತ್ತು. ಏರಿಯ ನೆತ್ತಿ ಎರಡು ಮಾರು ದೂರವಿತ್ತು. ಅವನು ಎಳೆಯಲಿಲ್ಲ.

ಟಣ್ ಎಂದು ಒಂದೇ ಸದ್ದು. ಹಿಂದಿನ ಚಕ್ರ ಕಚ್ಚಿತು, ಗಾಡಿ ಅಡ್ಡ ಬಿತ್ತು, ಅವನು ಏರಿಯಿಂದ ಕೆಳಗೆ ಒಂದು ಕಡೆ ಜಾರಿದ, ಅದು ಇನ್ನೊಂದು ಕಡೆ. ಹಿಂದೆ ಬರುತ್ತಿದ್ದವರು ಪಕ್ಕಕ್ಕೆ ತಿರುಗಿಸಿಕೊಂಡು ಹೋದರು. ಮುನಿಕೃಷ್ಣನ ಮೊಣಕೈ ತರಚಿತ್ತು. ಎದ್ದು ಮೊದಲು ಮಾಡಿದ ಕೆಲಸ ಗಾಡಿ ನಿಲ್ಲಿಸಿ ಕಿಕ್ಕರ್ ಒತ್ತಿದ್ದು. ಅದು ಕೂದಲೆಳೆಯಷ್ಟೂ ಇಳಿಯಲಿಲ್ಲ.

ರೇಸು ಯಾರೋ ಗೆದ್ದರು. ಆನಂದ ಗಾಡಿಯನ್ನು ತಳ್ಳಿಕೊಂಡು ನೆರಳಿಗೆ ತಂದ. ಮುನಿಕೃಷ್ಣ ಸೈಲೆನ್ಸರ್ ಬಿಚ್ಚಿ ಇಂಜಿನ್ನಿನ ಹೊಗೆಬಾಯಿಯೊಳಗೆ ಬೆರಳು ಹಾಕಿದ. ಬೆರಳಿಗೆ ಕಪ್ಪು ಹತ್ತಿತು, ಜಿಡ್ಡು ಹತ್ತಲಿಲ್ಲ. ಕಡಲೆಕಾಯಿಯವನ ಕೊಡದಿಂದ ಒಂದು ಲೋಟ ನೀರು ಕೇಳಿ ಕೈ ಮೇಲೆ ಸುರಿದುಕೊಂಡ. ಸೋಪು ಹಾಕಲಿಲ್ಲ, ಉಜ್ಜಲೂ ಇಲ್ಲ. ಗಾಡಿ ಕೆಲಸ ಮಾಡಿದ ಕೈ ಬರೀ ನೀರಿಗೆ ಮಗ್ಗದ ಕೆಲಸ ಮಾಡಿದ ಕೈಯ ಹಾಗೆ ಸಲೀಸಾಗಿ ಶುದ್ಧವಾಯಿತು.

ಅವನು ಕೈಯನ್ನೇ ನೋಡುತ್ತಾ ನಿಂತ. ಡಬ್ಬಿಯಲ್ಲಿ ಎಣ್ಣೆ ಇತ್ತು, ಇಂಜಿನ್ನಿಗೆ ಹೋಗುತ್ತಲೂ ಇತ್ತು. ನೀರಿಗೇ ನಿಲ್ಲದ್ದು ಬೆಂಕಿಗೂ ಪೆಟ್ರೋಲಿಗೂ ನಿಂತಿರಲಿಲ್ಲ. ಅಂಗಿ ಸತ್ತರೂ ಬಿಡದ ಆ ಕೊಳಕು ಎಣ್ಣೆ ಯಾಕೆ ಬೇಕಿತ್ತು ಎಂದು ಈಗ ಗೊತ್ತಾಯಿತು. ಬಿಡದೇ ಇರುವುದೇ ಅದರ ಕೆಲಸವಾಗಿತ್ತು.

ನಂದನ್ ಕುಂಟುತ್ತಾ ಬಂದ. "ಯಾವ ಎಣ್ಣೆ ಹಾಕಿದ್ದೆ?"

"ಮಗ್ಗದ್ದು."

ಪಕ್ಕದಲ್ಲಿದ್ದ ಬೆಂಗಳೂರಿನ ಹುಡುಗರು ಕಿಸಕ್ಕನೆ ನಕ್ಕರು. "ಪೆಟ್ರೋಲ್ ಬದ್ಲು ನೂಲು ಹಾಕ್ಬೇಕಿತ್ತು ಮಗಾ" ಎಂದ ಒಬ್ಬ. ನಂದನ್ ಡಬ್ಬಿಯ ಮುಚ್ಚಳ ತೆಗೆದು ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತೀಡಿ ನೋಡಿದ.

"ಯಾಕೆ?"

"ಹೊಗೆ ಬರಬಾರದಿತ್ತು. ಸೀರೆಗೆ ಆಗಲ್ಲ."

"ಸೈಲೆನ್ಸರ್ ಕೆಲಸ ಯಾರದು?"

"ನಂದೇ."

"ಚೆನ್ನಾಗಿದೆ." ನಂದನ್ ಮುಚ್ಚಳ ಹಾಕಿದ. "ಕೇಳು. ಗೆದ್ದೋನನ್ನ ತಗೊಳ್ಳೋಕೆ ನಾನು ಇಲ್ಲಿಗೆ ಬಂದಿಲ್ಲ. ಮೊದಲನೇ ಸಲ ಹಿಡಿದಾಗ ಕ್ಲಚ್ ಎಳೆದ್ಯಲ್ಲ, ನನ್ನ ಹಳೇ ರೈಡರಿಗೂ ಅಷ್ಟು ಕಿವಿ ಇರಲಿಲ್ಲ. ಆಗಲೇ ನೀನು ಅಂತ ತೀರ್ಮಾನ ಮಾಡಿದ್ದೆ. ಸುಮ್ಮನ್ ನಿಂತಿದ್ರೆ ಜಾಗ ನಿಂದು."

ಮುನಿಕೃಷ್ಣ ಏರಿಯ ಕಡೆ ನೋಡಿದ.

"ಎರಡನೇ ಸಲ ನಿಂಗೆ ಕೇಳಿಸ್ತು. ಕೇಳಿಸಿದ್ದು ನಂಗೂ ಗೊತ್ತಾಯ್ತು. ಕೇಳಿಸಿದ ಮೇಲೂ ಎಳೀದೆ ಇರೋನಿಗೆ ನಾನು ಗಾಡಿ ಕೊಡಲ್ಲ."

"ಮುಂದಿನ ವರ್ಷ?"

"ಮುಂದಿನ ವರ್ಷ ಜಾಗ ಖಾಲಿ ಇರಲ್ಲ."

ಅಷ್ಟು ಹೇಳಿ ನಂದನ್ ಹೋದ. ಆನಂದ, "ಇನ್ನೊಂದ್ ಸಲ ಕೇಳ್ಕೊಳೋ, ಕಾಲ್ ಹಿಡ್ಕೊಂಡ್ರೂ ತಪ್ಪಿಲ್ಲ" ಎಂದ.

"ಅವ್ರು ಸರಿಯಾಗೇ ಹೇಳಿದ್ರು" ಎಂದ ಮುನಿಕೃಷ್ಣ. "ಟೆಂಪೋ ನೋಡು ನಡಿ."

ಮಾರನೆಯ ದಿನ ಬಚ್ಚಪ್ಪ ಸೀರೆ ಗಂಟನ್ನು ಬಸ್ಸಿನಲ್ಲಿ ಒಯ್ದ. ಹೋಗುವ ಮುಂಚೆ ಬಿಚ್ಚಿದ ಇಂಜಿನ್ನಿನ ಮುಂದೆ ಒಂದು ಗಳಿಗೆ ಕೂತ. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು, ಮಗ್ಗದ ಹಾಸಿನ ಎಳೆಗಳ ಹಾಗೆ ಒತ್ತೊತ್ತಾಗಿ. ಅವನು ಜೇಬಿನ ಬಿಳಿ ಬಟ್ಟೆ ತೆಗೆದು ಅದರ ಮೇಲೆ ಒಮ್ಮೆ ಎಳೆದ. ಎಳೆದ ಮೇಲೆ ನೋಡದೆಯೇ ಜೇಬಿಗಿಟ್ಟುಕೊಂಡ. ಮಗನನ್ನು ಬೈಯಲಿಲ್ಲ. ಆ ಎಣ್ಣೆಯನ್ನು ಪಾಸು ಮಾಡಿದವನು ಅವನೇ.

ಮಧ್ಯಾಹ್ನ ಮುನಿಕೃಷ್ಣ ಮೂರನೇ ಮಗ್ಗ ಚಾಲೂ ಮಾಡಲು ಬಂದಾಗ ಅನಿತ ಅಲ್ಲಿ ಕತ್ತರಿ ಹಿಡಿದು ನಿಂತಿದ್ದಳು.

"ಈ ದಾರ ಬಿಚ್ಚಲಾ ಅಣ್ಣ?"

"ಬಿಡು. ಅದು ಬೇರೆ."

"ಏನ್ ಬೇರೆ?"

ಅವಳು ಅವನ ಮುಖ ನೋಡುತ್ತಲೇ ದಾರ ಕತ್ತರಿಸಿದಳು. ಅವನು ತಡೆಯಲೂ ಇಲ್ಲ, ಒಪ್ಪಲೂ ಇಲ್ಲ. ಹ್ಯಾಂಡಲ್ ಎಳೆದು ಮಗ್ಗ ಓಡಿಸಿದ. ದೇವರ ಗೂಡಿನಲ್ಲಿ ಜೇನುಗೂಡಿನ ಕಣ್ಣಿನಿಂದ ಊದುಕಡ್ಡಿಯ ಹೊಗೆ ಏಳುತ್ತಿತ್ತು.

ಹೋದದ್ದು ಇಷ್ಟು: ಪಿಸ್ಟನ್ ಒಂದು, ರಿಂಗ್ ಎರಡು, ಸಿಲಿಂಡರ್ ಒಂದು, ಸವಾರನ ಜಾಗ ಒಂದು. ಬೆರಳು ಯಾವುದೂ ಹೋಗಲಿಲ್ಲ.